ಅಮೃತಹಳ್ಳಿಯ ಜೋಡಿಗಾಜಿನ ಪಂಪು

ಹಳೆಯ ಪೆಟ್ರೋಲ್ ಪಂಪುಗಳನ್ನು ಕೂಡಿಹಾಕುವ ಹುಚ್ಚು ಹತ್ತಿದ್ದರಿಂದ ಅಟ್ಟೂರಿನ ರಘುನಾಥರಿಗೆ ‘ಬಂಕ್ ರಘುನಾಥ್’ ಎಂದೇ ಹೆಸರು ಬಿದ್ದಿತ್ತು. ನಿವೃತ್ತಿಯ ದುಡ್ಡಿನಲ್ಲಿ ಜೊತೆಯವರೆಲ್ಲ ಸೈಟು ಕೊಂಡರೆ, ಇವರು ಮನೆಯ ಹಿಂದೆ ಶೀಟಿನ ಶೆಡ್ಡು ಹಾಕಿಸಿ, ತುಕ್ಕು ಹಿಡಿದ ಪಂಪುಗಳನ್ನು ಸಾಲಾಗಿ ನಿಲ್ಲಿಸಿದರು. ಹೆಂಡತಿ ಕಲಾವತಿ ಮೊದಮೊದಲು ಜಗಳವಾಡಿದರು. ಆಮೇಲೆ ಆ ಪಂಪುಗಳ ನಡುವೆಯೇ ಹಗ್ಗ ಕಟ್ಟಿ ಬಟ್ಟೆ ಒಣಹಾಕತೊಡಗಿದರು. ಅಲ್ಲಿಗೆ ರಾಜಿಯಾಯಿತು.

ಹುಚ್ಚು ಏನೇ ಇರಲಿ, ಮಾತು ಖಡಕ್ಕು. ಯಾರಿಗೆ ಹಳೆಯ ಪಂಪು ಸಿಕ್ಕರೂ ಅದು ಅಸಲಿಯೋ ನಕಲಿಯೋ, ಎಷ್ಟು ಬೆಲೆ ಬಾಳುತ್ತದೆ ಎಂದು ಕೇಳಲು ಇವರಿಗೇ ಫೋನ್ ಬರುತ್ತಿತ್ತು. ಒಮ್ಮೆ ಆರ್.ಟಿ. ನಗರದ ಹೋಟೆಲಿನವರೊಬ್ಬರು ಹೆಮ್ಮೆಯಿಂದ ತೋರಿಸಿದ ಪಂಪಿನ ‘ಹಿತ್ತಾಳೆ’ ನಳಿಕೆಗೆ ಇವರು ಅಯಸ್ಕಾಂತ ಹಿಡಿದರು. ಅದು ಟಪ್ಪನೆ ಅಂಟಿಕೊಂಡಿತು. ಇದು ಮೊನ್ನೆ ಮೊನ್ನೆ ಮಾಡಿ ಬಣ್ಣ ಬಳಿದ ಮಾಲು ಎಂದು ಮುಖಕ್ಕೇ ಹೇಳಿ, ಕಾಫಿ ಕೂಡ ಕುಡಿಯದೆ ಎದ್ದುಬಂದರು. ತಾವು ಬೆಲೆ ಕಟ್ಟಿದ ಮಾಲನ್ನು ತಾವು ಕೊಳ್ಳಬಾರದು ಎಂಬ ಕಟ್ಟುಪಾಡನ್ನೂ ತಮಗೆ ತಾವೇ ಹಾಕಿಕೊಂಡಿದ್ದರು. ಇಂಥವರನ್ನು ಜನ ನಂಬದೆ ಇನ್ನಾರನ್ನು ನಂಬಬೇಕು?

ಅವರ ಶೆಡ್ಡಿನಲ್ಲಿ ಒಂದೇ ಒಂದು ಕೊರತೆಯಿತ್ತು. ಅದು ಕರೆಂಟಿಲ್ಲದ ಕಾಲದ ಕೈಪಂಪು. ಆಳೆತ್ತರದ ಎರಕದ ಕಂಬ, ಮೇಲೆ ಅಕ್ಕಪಕ್ಕ ಎರಡು ಗಾಜಿನ ಕೊಳವೆ. ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಒಂದು ಗಾಜಿನಲ್ಲಿ ಪೆಟ್ರೋಲು ಏರುತ್ತದೆ, ಇನ್ನೊಂದರಲ್ಲಿದ್ದದ್ದು ಗಾಡಿಗೆ ಇಳಿಯುತ್ತದೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಲಾರಿಯಲ್ಲಿ ಹೋಗುವಾಗ ಬಳ್ಳಾರಿ ರಸ್ತೆಯ ಬಂಕೊಂದರಲ್ಲಿ ಅದನ್ನು ನೋಡಿದ್ದರು. ಆಗ ಬಾಯಿ ಬಿಟ್ಟುಕೊಂಡು ನಿಂತವರು, ಒಂದು ಲೆಕ್ಕದಲ್ಲಿ ಇನ್ನೂ ಹಾಗೆಯೇ ನಿಂತಿದ್ದರು.

ಅಂಥದ್ದೊಂದು ತಮ್ಮ ಹಿತ್ತಲಲ್ಲಿದೆ ಎಂದು ಅಮೃತಹಳ್ಳಿಯ ಕದಿರಪ್ಪ ಫೋನ್ ಮಾಡಿದಾಗ ರಘುನಾಥರು ವಿಳಾಸವನ್ನು ಎರಡು ಸಲ ಕೇಳಿ ಬರೆದುಕೊಂಡರು. ಕದಿರಪ್ಪನವರದು ಊರು ಊರಾಗಿದ್ದ ಕಾಲದಿಂದ ಅಲ್ಲಿರುವ ಮನೆತನ. ಹಳೆಯ ಮನೆ ಕೆಡವಿ ಕಟ್ಟಡ ಎಬ್ಬಿಸುತ್ತಿದ್ದರು. ಅಣ್ಣತಮ್ಮಂದಿರ ಪಾಲು ಜಗಳವಿಲ್ಲದೆ ಮುಗಿದಿತ್ತು, ಈ ಪಂಪೊಂದು ಉಳಿದಿತ್ತು. ತಂದೆ ಮುನಿರಾಮಯ್ಯನವರು ಬಂಕಿನಲ್ಲಿ ಇದರ ಹಿಡಿ ಆಡಿಸುತ್ತಿದ್ದವರು. ಕರೆಂಟಿನ ಪಂಪು ಬಂದ ಮೇಲೆ ಮಾಲೀಕರು ಬೇಡವೆಂದದ್ದನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದಿದ್ದರಂತೆ. ಬೆಲೆ ಬಾಳುವುದಾದರೆ ಮಾರಿ ಹಂಚಿಕೊಳ್ಳುವುದು, ಇಲ್ಲದಿದ್ದರೆ ಹಿರಿಯವರಾದ ಕದಿರಪ್ಪನವರಿಗೇ ಬಿಡುವುದು ಎಂದು ಮಾತಾಗಿತ್ತು. ಮಧ್ಯಸ್ಥಿಕೆಗೆ ರಘುನಾಥರೇ ಬೇಕೆಂದು ತಮ್ಮಂದಿರೂ ಒಪ್ಪಿದ್ದರು.

ರಘುನಾಥರು ಅಯಸ್ಕಾಂತ, ಟಾರ್ಚು, ಸೀಮೆಎಣ್ಣೆ ಬಟ್ಟೆ ಹಿಡಿದು ಹೋದರು. ನಳಿಕೆ ಹಿತ್ತಾಳೆಯೇ, ಅಯಸ್ಕಾಂತ ಜಾರಿ ಬಿತ್ತು. ಗಾಜಿನಲ್ಲಿ ಸಾಸಿವೆಯಂಥ ಗುಳ್ಳೆಗಳಿದ್ದವು, ಈಗಿನ ಗಾಜಿನಲ್ಲಿ ಅವು ಇರುವುದಿಲ್ಲ. ಮೂಲೆಯೊಂದನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಮೇಲೆ ಬಳಿದ ಹಸಿರು ಪೇಂಟಿನ ಕೆಳಗೆ ಕಾರ್ಖಾನೆಯ ಮೂಲ ಕೆಂಪು ಇಣುಕಿತು. ಆದರೆ ಕಂಪನಿಯ ಹೆಸರು, ಇಸವಿ ಕೆತ್ತಿದ ಎದೆಮಟ್ಟದ ಹಿತ್ತಾಳೆ ಫಲಕ ಮಾತ್ರ ಊಟದ ತಟ್ಟೆಯ ಹಾಗೆ ನುಣ್ಣಗಿತ್ತು. ಒಂದಕ್ಷರವೂ ಇರಲಿಲ್ಲ. ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿದ್ದು ತಾನೇ ಎಂದು ಕದಿರಪ್ಪನವರ ಹೆಂಡತಿ ಯಲ್ಲಮ್ಮ ಖುಷಿಯಿಂದ ಹೇಳಿದರು. ಅವರಿಗಿಂತ ಮೊದಲು ಅತ್ತೆ ತಿಕ್ಕಿದ್ದರು. ಭಕ್ತಿಗೆ ಅಕ್ಷರ ಸವೆದುಹೋಗಿತ್ತು.

ರಘುನಾಥರು ಪಂಪಿನ ಪಕ್ಕೆಯಲ್ಲಿದ್ದ ಸಣ್ಣ ಬಾಗಿಲು ತೆಗೆದು ಟಾರ್ಚು ಬಿಟ್ಟರು. ಹುಣಸೆಹಣ್ಣು ಅಲ್ಲಿಗೆ ಮುಟ್ಟಿರಲಿಲ್ಲ. ಎರಕದಲ್ಲೇ ಹೊಯ್ದ ಹೆಸರು, ಇಸವಿ, ನಂಬರು ಎಲ್ಲವೂ ಸ್ಪಷ್ಟವಾಗಿದ್ದವು. ಸ್ವಾತಂತ್ರ್ಯಕ್ಕೂ ಹಿಂದಿನ ಮಾಲು. ಏರ್‌ಪೋರ್ಟ್ ರಸ್ತೆಯ ರೆಸಾರ್ಟಿನವರು ಇದನ್ನು ಕಂಡರೆ ಮೂರು ಲಕ್ಷಕ್ಕೆ ಚೌಕಾಸಿಯನ್ನೇ ಮಾಡುವುದಿಲ್ಲ. ರಘುನಾಥರ ಕೈಲಿ ಅದರ ಕಾಲು ಭಾಗವೂ ಇರಲಿಲ್ಲ.

ಬಗ್ಗಿದವರು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಇಷ್ಟು ವರ್ಷ ಸತ್ಯ ಹೇಳಿದ್ದು ಬೇರೆಯವರ ಪಂಪುಗಳ ಬಗ್ಗೆ, ಬೇಡದ ಪಂಪುಗಳ ಬಗ್ಗೆ. ಬೇಕಾದದ್ದು ಎದುರಿಗೆ ನಿಂತದ್ದು ಇದೇ ಮೊದಲು. ಅವರು ಟಾರ್ಚು ಆರಿಸಿ ಬಾಗಿಲು ಮುಚ್ಚಿದರು.

"ಪ್ಲೇಟ್ ಸವೆದೋಗಿದೆ ಕದಿರಪ್ಪನವರೇ. ಹೆಸರಿಲ್ಲ, ಇಸವಿ ಇಲ್ಲ ಅಂದ್ರೆ ಇದಕ್ಕೆ ಗುಜರಿ ರೇಟೇ."

ಹೇಳಿದ್ದು ಎಷ್ಟು ಸಲೀಸಾಗಿತ್ತೆಂದರೆ ಅವರಿಗೇ ಆಶ್ಚರ್ಯವಾಯಿತು. ಯಲ್ಲಮ್ಮನವರ ಮುಖ ಸಣ್ಣದಾಯಿತು, ತಾನು ತಿಕ್ಕಿದ್ದರಿಂದಲೇ ಹಾಳಾಯಿತಲ್ಲ ಎಂದು. ಅದನ್ನು ನೋಡಲಾರದೆ ರಘುನಾಥರು ಹೊಂಗೆಮರದ ಕಡೆ ತಿರುಗಿದರು. ಮುಂದಿನದು ಅವರ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಯಶವಂತಪುರದ ಟೆಂಪೋ ಸರ್ದಾರ್‌ಗೆ ಸಂಜೆ ಬಿಡುವಾಗಿರು ಎಂದು ಬೆಳಿಗ್ಗೆಯೇ ಹೇಳಿಟ್ಟಿದ್ದರು. ಮನಸ್ಸು ಕೆಟ್ಟದ್ದು ಬಾಗಿಲ ಬಳಿಯೋ, ಫೋನು ಬಂದಾಗಲೋ, ಲೆಕ್ಕ ಹಾಕುವವರು ಹಾಕಿಕೊಳ್ಳಲಿ. ಪಂಪು ಅಡ್ಡವಾಗುವುದಾದರೆ ತಾವೇ ಒಯ್ದು ಒಂದು ಮೂಲೆಯಲ್ಲಿ ಇಟ್ಟುಕೊಳ್ಳುತ್ತೇವೆ, ಗುಜರಿಯವನಿಗಿಂತ ಎರಡು ಕಾಸು ಹೆಚ್ಚೇ ಕೊಡುತ್ತೇವೆ ಎಂದರು.

ಕದಿರಪ್ಪ ಕೈ ಮುಗಿದುಬಿಟ್ಟರು.

"ಬ್ಯಾಡಿ ಸಾರ್. ಬೆಲೆ ಬಾಳೋದಾಗಿದ್ರೆ, ನಿಮ್ಮಂತೋರ ಮನೇಲೇ ಇರ್ಲಿ ಅಂತ ನಿಮ್ಗೇ ಕೊಡೋಣ ಅಂತಿದ್ವಿ. ನೀವು ಕೈಲಾದಷ್ಟು ಕೊಟ್ಟಿದ್ರೆ ಸಾಕಿತ್ತು, ತಮ್ಮಂದ್ರೂ ಊಂ ಅಂದಿದ್ರು. ಕೆಲಸಕ್ಕೆ ಬಾರದ್ದನ್ನ ನಿಮ್ಮ ತಲೆಗೆ ಕಟ್ಟಿ ದುಡ್ಡು ಇಸ್ಕೊಂಡ್ರೆ ನಮ್ಮಪ್ಪ ಮೆಚ್ತಾನಾ?"

ರಘುನಾಥರು ಬಿಡಲಿಲ್ಲ. ಪರವಾಗಿಲ್ಲ, ನನಗೆ ಹವ್ಯಾಸ ಎಂದು ಒಮ್ಮೆ ಅಂದರು. ಇನ್ನೊಮ್ಮೆ ಅಂದರು. ಮೂರನೆಯ ಸಲ ಅನ್ನಲು ಹೋಗಿ ತಡೆದುಕೊಂಡರು. ಗುಜರಿಗೆ ಇಷ್ಟೊಂದು ಆಸೆ ಯಾಕೆ ಎಂದು ಎಂಥ ದಡ್ಡನಿಗೂ ಅನುಮಾನ ಬರುತ್ತದೆ, ಕದಿರಪ್ಪನವರಂತೂ ದಡ್ಡರಲ್ಲ. ಯಲ್ಲಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಟರು. ಜಕ್ಕೂರು ದಾಟುವಷ್ಟರಲ್ಲಿ ಸರ್ದಾರ್ ಫೋನ್ ಮಾಡಿ ಗಾಡಿ ತರಲೇ ಎಂದ. ಬೇಡ ಎಂದರು.

ಹೊಸ ಕಟ್ಟಡ ಎದ್ದಿತು. ಆಯುಧಪೂಜೆಗೆ ದಂಪತಿ ಸಮೇತ ಬರಬೇಕೆಂದು ಕದಿರಪ್ಪ ಖುದ್ದು ಮನೆಗೆ ಬಂದು ಕರೆದರು. ತಪ್ಪಿಸಿಕೊಳ್ಳಲು ರಘುನಾಥರು ಮಂಡಿನೋವು ತೆಗೆದರು. ಕಲಾವತಿ ಒಪ್ಪಲಿಲ್ಲ.

ಗೇಟಿನ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ, ಪಂಪು ಕಾಂಕ್ರೀಟಿನಲ್ಲಿ ನಿಂತಿತ್ತು. ಮೈತುಂಬ ಹೊಸ ನೀಲಿ ಪೇಂಟು, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದ ಸಣ್ಣ ಬಾಗಿಲಿಗೆ ವೆಲ್ಡಿಂಗ್ ಮಾಡಿ ನಲ್ಲಿ ಕೂರಿಸಿದ್ದರು. ಎರಡು ಗಾಜುಗಳಿದ್ದ ಜಾಗದಲ್ಲಿ ನೀರಿನ ಪ್ಲಾಸ್ಟಿಕ್ ಕ್ಯಾನು ಬೋರಲಾಗಿತ್ತು. ಸವೆದ ಫಲಕ ಮಾತ್ರ ಹುಣಸೆಹಣ್ಣು ಕಂಡು ಹೊಳೆಯುತ್ತಿತ್ತು. ದಾರಿಹೋಕರು ನಿಂತು ನೀರು ಹಿಡಿದು ಕುಡಿಯುತ್ತಿದ್ದರು.

ರಘುನಾಥರು ಗಾಜೆಲ್ಲಿ ಎಂದು ಕೇಳಿದರು. ಮಕ್ಕಳು ಓಡಾಡುವ ಜಾಗ, ಒಡೆದರೆ ಕೈಕಾಲು ಕುಯ್ಯುತ್ತದೆಂದು ಕಸದ ಗಾಡಿಗೆ ಹಾಕಿದೆ ಎಂದರು ಯಲ್ಲಮ್ಮ. ರಘುನಾಥರಿಗೆ ದುಃಖವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಈಗ ನಿಜ ಹೇಳಿದರೆ ತಮ್ಮ ಎದೆ ಹಗುರವಾದೀತು, ಆ ಗಂಡಹೆಂಡಿರ ಹೊಟ್ಟೆ ಉರಿದುಹೋದೀತು.

ಕದಿರಪ್ಪ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ತಂದು ಕೈಗಿತ್ತರು. ಸುತ್ತ ನಿಂತ ನೆಂಟರಿಗೆಲ್ಲ ಕೇಳುವಂತೆ ಹೇಳಿದರು:

"ಇವ್ರೇ ಅವ್ರು. ಬೇರೆ ಯಾವನಾದ್ರೂ ಆಗಿದ್ರೆ ಆಸೆ ಉಟ್ಸಿ ಅಣ್ಣತಮ್ಮಂದ್ರನ್ನ ಕಾದಾಡೋಕೆ ಅಚ್ತಿದ್ದ. ಇವ್ರು ಇದ್ದಿದ್ದನ್ನ ಇದ್ದಂಗೇ ಏಳ್ಬುಟ್ರು."

ಗುಂಪಿನಲ್ಲಿದ್ದ ಪುಟ್ಟೇನಹಳ್ಳಿಯ ಮುನಿಆಂಜಿನಪ್ಪ ಎಂಬ ನೆಂಟರು ಮುಂದೆ ಬಂದರು. ತಮ್ಮ ತೋಟದ ಕೊಟ್ಟಿಗೆಯಲ್ಲೂ ಇಂಥದ್ದೇ ಒಂದಿದೆ, ಗಾಜೂ ಇದೆ, ದಯವಿಟ್ಟು ಬಂದು ನೋಡಬೇಕು, ನೀವು ಹೇಳಿದ್ದೇ ಬೆಲೆ ಎಂದರು.

ಕಲಾವತಿ ಗಂಡನ ಮುಖ ನೋಡಿದರು. ಹೊಸ ಪಂಪಿನ ಸುದ್ದಿ ಕೇಳಿದರೆ ಅರಳುತ್ತಿದ್ದ ಮುಖ ಅದು. ರಘುನಾಥರು ಲೋಟದ ನೀರನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಹೇಳಿದರು:

"ನನಗೆ ಬೆಲೆ ಕಟ್ಟೋಕೆ ಬರಲ್ಲ ಸ್ವಾಮಿ. ಬೇರೆ ಯಾರಿಗಾದ್ರೂ ತೋರ್ಸಿ."

ಎಷ್ಟು ದೊಡ್ಡ ಮನುಷ್ಯರು ನೋಡಿ, ಎಂಥ ವಿನಯ ಎಂದು ಕದಿರಪ್ಪ ನೆಂಟರ ಭುಜ ತಟ್ಟಿದರು. ಆಮೇಲೆ ಖಾಲಿ ಲೋಟವನ್ನು ಇಸಿದುಕೊಂಡು, ಇನ್ನೊಂದು ಸಲ ನೀರು ಹಿಡಿಯಲು ಪಂಪಿನ ಕಡೆ ಹೋದರು.