ನಾಜಿಮಾ ಕೂತ ಕಥೆ

೧
ಎಲ್ಲಿಂದ ಶುರು ಮಾಡಲಿ, ಓದುಗರೇ? ‘ಮಾನವ ಹಕ್ಕುಗಳು’ ಎಂದು ಬರೆದೆ, ನನಗೇ ಆಕಳಿಕೆ ಬಂತು. ಹೊಡೆದುಹಾಕಿದೆ. ಒಂದು ಸ್ಟೂಲಿನಿಂದ ಶುರು ಮಾಡುತ್ತೇನೆ. (ಸ್ಟೂಲು ಇಲ್ಲ. ಅದೇ ಕಥೆ.)

೨
ನಿಪ್ಪಾಣಿಯ ಒಂದು ಸೀರೆ ಅಂಗಡಿ. ಗಿರಾಕಿಗಳಿಗೆ ಮೆತ್ತನೆಯ ಗಾದಿ, ಮಾಲೀಕ ಶ್ರೀಪಾಲಣ್ಣನಿಗೆ ತಿರುಗುವ ಕುರ್ಚಿ. ಸೀರೆ ತೋರಿಸುವ ನಾಜಿಮಾ ಮಾತ್ರ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತಿರಬೇಕು, ಗಿರಾಕಿ ಇರಲಿ, ಬಿಡಲಿ. ಪಾಪ, ಅವಳಿಗೆ ಈಗ ಏಳು ತಿಂಗಳು.

"ರೀ, ನನ್ನ ಬಸುರಿ ಯಾಕ ಮಾಡಿದ್ರಿ?" ಎಂದು ನಾಜಿಮಾ ಕಥೆಯೊಳಗಿಂದಲೇ ಜಗಳಕ್ಕೆ ಬಂದಳು.

"ಓದುವವರಿಗೆ ಕರುಣೆ ಬರಲಿ ಅಂತ."

"ಬಸುರಿ ಅಲ್ಲದಾಕಿ ಕಾಲ ನೋಯಂಗಿಲ್ಲೇನ್ರಿ?"

ಥೂ ನನ್ನ! ಅಳಿಸಿದೆ. ಅವಳು ಬಸುರಿಯಲ್ಲ. ಕಾಲು ನೋಯುತ್ತವೆ, ಅಷ್ಟೆ.

೩
ಶ್ರೀಪಾಲಣ್ಣನನ್ನು ಖಳನಾಯಕ ಮಾಡೋಣವೆಂದರೆ ಅದೂ ಆಗದು. ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನುಷ್ಯ ಆತ. "ಗಿರಾಕಿ ಬಂದಾಗ ಕುಂತಿದ್ರ ಚಲೋ ಕಾಣಂಗಿಲ್ಲವ್ವಾ ತಂಗಿ. ಅಪ್ಪಾರ ಕಾಲದಿಂದ ಪದ್ಧತಿ ಐತಿ," ಅನ್ನುತ್ತಾನೆ. ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಅದು ಅವರ ಜೈನ ಧರ್ಮದ ನೇಮ. ಹಾಗಾಗಿ ದಿನಾ ಸಂಜೆ ಮನೆಗೆ ಹೋಗುತ್ತಾನೆ. ಉಣ್ಣುತ್ತಲೇ ಮೊಬೈಲಿನಲ್ಲಿ ಅಂಗಡಿಯ ಕ್ಯಾಮೆರಾ ನೋಡುತ್ತಾನೆ.

"ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೂತುಬಿಡು," ಎಂದೆ.

"ಕದ್ದು ಕೂಡಾಕ ನಾ ಏನ್ ಕಳ್ಳೀನ್ರಿ?"

೪
ಅಂತ್ಯ ಒಂದು: ಶ್ರೀಪಾಲಣ್ಣನ ಮನ ಕರಗುತ್ತದೆ, ಸ್ಟೂಲು ಬರುತ್ತದೆ, ಚಪ್ಪಾಳೆ!

"ಬ್ಯಾಡ್ರಿ. ನಾಳೆ ಅವರ ಮನಸ ಕೆಟ್ರ ಸ್ಟೂಲೂ ಹೊಕ್ಕೈತಿ."

ಅಂತ್ಯ ಎರಡು: ಅವಳು ಕೆಲಸ ಬಿಡುತ್ತಾಳೆ.

"ನನಗ ಈ ಕೆಲಸಾ ಸೇರತೈತಿ. ಹೌದು, ನೀವು ಹೆಂಗ ಬರ್ಯಾಕತ್ತೀರಿ, ಕುಂತೋ, ನಿಂತೋ?"

ನನಗೆ ನಾಚಿಕೆಯಾಯಿತು. ಎದ್ದೆ. ಶ್ರೀಪಾಲಣ್ಣ ಉಣ್ಣಲು ಹೋದ ಸಂಜೆ ಹೊತ್ತಿನಲ್ಲಿ ನನ್ನ ಕುರ್ಚಿಯನ್ನು ಎತ್ತಿ ಕಥೆಯೊಳಗೆ ತಂದು, ಸರಿಯಾಗಿ ಕ್ಯಾಮೆರಾದ ಎದುರಿಗೆ ಇಟ್ಟೆ. ನಾಜಿಮಾ ಕೂತಳು. ಕಾಲು ಚಾಚಿ "ಯಾ ಅಲ್ಲಾ!" ಎಂದಳು.

೫
ಐದೇ ನಿಮಿಷ. ಬಾಗಿಲಲ್ಲಿ ಬೈಕ್ ನಿಂತಿತು. ಶ್ರೀಪಾಲಣ್ಣ! ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಬಂದಿದ್ದಾನೆ, ಕೈ ಇನ್ನೂ ಎಂಜಲು.

ನಾಜಿಮಾ ಏಳಲಿಲ್ಲ. "ಅಣ್ಣಾರ, ಊಟ ಬಿಟ್ಟು ಯಾಕ ಬಂದ್ರಿ? ಹೊತ್ತ ಮುಳುಗಾಕತ್ತೈತಿ. ಮುಂಜಾನಿ ತನಕ ಉಪಾಸ ಅಕ್ಕೈತಿ. ಹೋಗಿ ಉಣ್ರಿ ಮೊದಲ. ಅಂಗಡಿ ನಾ ನೋಡ್ಕೋತೀನಿ."

ಶ್ರೀಪಾಲಣ್ಣ ಕುರ್ಚಿ ನೋಡಿದ. ಹೊರಗೆ ಇಳಿಬಿಸಿಲು ನೋಡಿದ. ಬಾಯಿ ತೆರೆದ.

ಏನಂದ ಎಂದು ಕೇಳಬೇಡಿ, ಬರೆಯುವುದಿಲ್ಲ. ನಾನು ಮುಂದಿನ ಸಾಲು ಬರೆದರೆ ಅವಳು ಏಳಬೇಕಾದೀತು. ಬರೆಯದಿರುವಷ್ಟು ಹೊತ್ತು ಅವಳು ಕೂತಿರುತ್ತಾಳೆ, ನಾನು ನಿಂತಿರುತ್ತೇನೆ, ಕಾಲು ನೋಯುತ್ತಿವೆ.