ಆಶಾಳ ಕೋಳಿಗಳಿಗೆ ಲಸಿಕೆ ಹಾಕಿದ ದಿನ

ಬ್ಯಾಕೋಡಿನಿಂದ ಹಿನ್ನೀರಿನ ಕಡೆ ಇಳಿಯುವ ಮಣ್ಣುರಸ್ತೆಯ ಕೊನೆಯಲ್ಲಿ ಎರಡೇ ಮನೆ. ಒಂದು ಅಭಯಕುಮಾರರದು, ಇನ್ನೊಂದು ಸುನಿಲನದು. ಸುನಿಲನ ಅಜ್ಜ ಒಂದು ಕಾಲದಲ್ಲಿ ಅಭಯಕುಮಾರರ ತಂದೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಕಾನೂನು ಬಂದು ಗದ್ದೆ ಉಳುವವನದಾಯಿತು, ಎರಡು ಮನೆಗಳ ನಡುವೆ ಬೇಲಿ ಬಂತು. ಜಗಳವೇನೂ ಆಗಲಿಲ್ಲ. ಆದರೂ ಅಂದಿನಿಂದ ಆ ಮನೆಯವರು ಈ ಅಂಗಳಕ್ಕೆ ಕಾಲಿಡಲಿಲ್ಲ, ಈ ಮನೆಯವರು ಆ ಜಗಲಿ ಹತ್ತಲಿಲ್ಲ. ಸುನಿಲನನ್ನು ಮದುವೆಯಾಗಿ ಬಂದ ಆಶಾ ಅದನ್ನು ಊರಿನ ರೀತಿ ಎಂದು ಒಪ್ಪಿಕೊಂಡಿದ್ದಳು.

ಅವಳು ಕೋಳಿ ಸಾಕಲು ಶುರುಮಾಡಿದ ಮೇಲೆ ಬೇಲಿಯ ಮಾತು ಮೊದಲ ಸಲ ಎದ್ದಿತು. ತವರಿನಿಂದ ತಂದ ಒಂದು ಹೇಟೆ ಕಾವಿಗೆ ಕೂತು ಮರಿ ಮಾಡಿತ್ತು. ಆ ಮರಿಗಳು ಬೆಳೆದು ತಾವೂ ಕಾವಿಗೆ ಕೂತವು. ಎರಡು ವರ್ಷದಲ್ಲಿ ಅಂಗಳ ತುಂಬಿಹೋಯಿತು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಸಾಕು, ಎಲ್ಲವೂ ಒಣಗಿದ ದರಗೆಲೆಗಳ ಕೆಳಗಿನ ಗೆದ್ದಲು ಕೆದಕಲು ಓಡುತ್ತಿದ್ದವು. ಅಂಥ ಗೆದ್ದಲು ಅಭಯಕುಮಾರರ ಗೊಬ್ಬರದ ಗುಂಡಿಯಲ್ಲಿ ಹೆಚ್ಚು. ಬೇಲಿ ನುಸುಳಿ ಹೋಗಿ, ಹೊಟ್ಟೆ ತುಂಬಿದ ಮೇಲೆ ವಾಪಸು ಬರುತ್ತಿದ್ದವು.

ಒಂದು ದಿನ ಅಭಯಕುಮಾರರು ಬೇಲಿಯ ಹತ್ತಿರ ನಿಂತು ಕರೆದರು. ಆಶಾ ಬೈಗುಳಕ್ಕೆ ಸಿದ್ಧಳಾಗಿಯೇ ಹೋದಳು.

"ಕೋಳಿ ಬರ್ಲಿ, ಅವಕ್ಕೆ ಬೇಲಿ ಗೊತ್ತಾಗ್ತದಾ?" ಎಂದರು ಅವರು. "ಕೊಯ್ಯೋದನ್ನ ಮಾತ್ರ ಇಲ್ಲಿ ಮಾಡ್ಬೇಡ. ಆ ಸದ್ದು ಕೇಳಿದ್ರೆ ನಮ್ಮನೇಲಿ ಇವಳಿಗೆ ಊಟ ಸೇರಲ್ಲ."

ಇವಳು ಎಂದರೆ ಅವರ ಹೆಂಡತಿ ಜ್ವಾಲಾಮಾಲಿನಿ. ಜೈನರ ಮನೆ, ಮೊಟ್ಟೆ ಹಾಕಿದ ಕೇಕನ್ನೂ ಒಳಗೆ ತರದವರು. ಆಶಾ ಒಪ್ಪಿದಳು. ಅಂದಿನಿಂದ ಕೋಳಿಯನ್ನು ಜೀವಂತವಾಗಿಯೇ ಮಾರುತ್ತಿದ್ದಳು. ಬೇಕಾದವರು ಕಾಲು ಕಟ್ಟಿ ಬೈಕಿಗೆ ತೂಗುಹಾಕಿಕೊಂಡು ಹೋಗುತ್ತಿದ್ದರು. ಹಿನ್ನೀರಿಗೆ ಸೇತುವೆ ಆದ ಮೇಲೆ ಸಾಗರದ ಕಡೆಯವರೂ ಬರತೊಡಗಿದರು. ಮನೆಗೆ ನೆಂಟರು ಬಂದರೆ, ಚೌಡಿಗೆ ಹರಕೆ ಇದ್ದರೆ, ಹೊಸ ಅಳಿಯನಿಗೆ ಕಡುಬಿನ ಜೊತೆ ಸಾರಾಗಬೇಕಿದ್ದರೆ, "ಆಶಾನ ಮನೆ ಕೋಳಿಯೇ ಬೇಕು" ಎನ್ನುವಷ್ಟು ಹೆಸರಾಯಿತು. ಮಗಳ ಶಾಲೆ, ಮನೆಯ ಸೋರುವ ಮಾಡು ಎಲ್ಲದಕ್ಕೂ ಅವಳ ಕೋಳಿಗಳೇ ದಾರಿಯಾದವು. ಸುನಿಲ ಗೂಡ್ಸ್ ಆಟೋ ಓಡಿಸುತ್ತಿದ್ದರೂ ಮನೆಯ ಯಜಮಾನರು ಕೋಳಿಗಳೇ ಎಂದು ನಗುತ್ತಿದ್ದ.

ಈ ಬೇಸಿಗೆಯಲ್ಲಿ ತುಮರಿಯ ಕಡೆಯಿಂದ ಸುದ್ದಿ ಬಂತು. ಕೊಕ್ಕರೆ ರೋಗ. ಕೋಳಿಗಳು ಹಸಿರು ಕಕ್ಕ ಹಾಕಿ, ಕತ್ತು ತಿರುಚಿಕೊಂಡು ಸಾಯುತ್ತಿವೆ. ಒಂದು ಮನೆಗೆ ಬಂದರೆ ಗೂಡೇ ಖಾಲಿ. ಆಶಾ ಆ ದಿನವೇ ಸೌಜನ್ಯಾಳಿಗೆ ಫೋನ್ ಮಾಡಿದಳು. ಸೌಜನ್ಯಾ ಆ ಭಾಗದ ಪಶುಸಖಿ, ಸ್ಕೂಟಿಯಲ್ಲಿ ಊರೂರು ಸುತ್ತಿ ದನ, ಕೋಳಿಗಳಿಗೆ ಲಸಿಕೆ ಹಾಕುವ ಹುಡುಗಿ.

ಮರುದಿನ ಮಧ್ಯಾಹ್ನದ ಉರಿಬಿಸಿಲಲ್ಲಿ ಸೌಜನ್ಯಾ ಬಂದಳು. ಕೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ, ಅದರೊಳಗೆ ಕರಗುತ್ತಿರುವ ಐಸಿನ ನಡುವೆ ಒಂದು ಗಾಜಿನ ಶೀಶೆ.

"ಈಗ ನಿನ್ನ ಕೋಳಿ ಹಿಡಿಯಕ್ಕಾಗಲ್ಲ, ಎಲ್ಲಾ ಕಾಡು ಸೇರಿದಾವೆ. ಸಂಜೆ ಗೂಡಿಗೆ ಬಂದ ಮೇಲೆ ಹಾಕಣ. ನಾನು ಅಷ್ಟರಲ್ಲಿ ಇನ್ನೆರಡು ಮನೆ ಮುಗಿಸ್ಕಂಡು ಬರ್ತೀನಿ. ಇದನ್ನ ಫ್ರಿಜ್ಜಲ್ಲಿಡು. ಬಿಸಿಯಾದ್ರೆ ಕೆಟ್ಟೋಗ್ತದೆ, ನೀರು ಚುಚ್ಚಿದಂಗೇ ಲೆಕ್ಕ."

"ಫ್ರಿಜ್ ಮೊನ್ನೆ ಸಿಡಿಲಿಗೆ ಹೋತಲ್ಲೇ."

"ಅಯ್ಯೋ. ಮತ್ತೆ ಎಲ್ಲಿಡ್ತೀಯ?"

ಇಬ್ಬರೂ ಬೇಲಿಯಾಚೆ ನೋಡಿದರು.

ಆಶಾ ಡಬ್ಬಿ ಹಿಡಿದು ಆ ಜಗಲಿಯ ಮೆಟ್ಟಿಲ ಬಳಿ ನಿಂತಾಗ ಜ್ವಾಲಾಮಾಲಿನಿ ಹಪ್ಪಳದ ಚಾಪೆಯ ಹತ್ತಿರ ಕೂತಿದ್ದರು. ಆಶಾ ವಿಷಯ ಹೇಳಿದಳು. ಸಂಜೆಯವರೆಗೆ ಮಾತ್ರ, ಫ್ರಿಜ್ಜಿನ ಒಂದು ಮೂಲೆ.

"ಔಷಧಿ ತಾನೇ? ತಾ," ಎಂದು ಅವರು ಕೈ ಚಾಚಿದರು.

ಆಶಾ ಕೊಡಲಿಲ್ಲ. ಕೊಟ್ಟುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹಿಂದೆ ಕೋಳಿ ಸಾಕಣೆಯ ತರಬೇತಿಯಲ್ಲಿ ಸೌಜನ್ಯಾ ಹೇಳಿದ್ದ ಮಾತು ಅವಳಿಗೆ ನೆನಪಿತ್ತು.

"ಅಮ್ಮಾ, ಒಂದು ಹೇಳ್ಬೇಕು. ಇದನ್ನ ಕೋಳಿಮೊಟ್ಟೆ ಒಳಗೆ ಬೆಳೆಸಿ ಮಾಡ್ತಾರಂತೆ. ನಿಮಗೆ ಗೊತ್ತಿಲ್ದೆ ಇಟ್ರೆ ತಪ್ಪಾಗ್ತದೆ."

ಜ್ವಾಲಾಮಾಲಿನಿ ಚಾಚಿದ ಕೈ ಹಿಂದಕ್ಕೆ ಹೋಯಿತು. ಹಪ್ಪಳಕ್ಕೆ ಬಂದ ಕಾಗೆಯನ್ನೂ ಅವರು ಓಡಿಸಲಿಲ್ಲ. ಆಶಾ ತಿರುಗಿ ಹೊರಡಲು ಅಣಿಯಾದಳು.

"ನಿಲ್ಲು ಮಾರಾಯ್ತಿ. ಒಳಗೆ ಇಡಕ್ಕಾಗಲ್ಲ. ಬಸದಿಗೆ ಕೊಡೋ ಹಾಲು, ತುಪ್ಪ ಎಲ್ಲ ಅದರಲ್ಲೇ ಇರ್ತದೆ. ಆದ್ರೆ ಐಸು ಹೊರಗೆ ತರಕ್ಕೆ ಯಾರ ಅಡ್ಡಿ?"

ಅವರು ಒಳಗೆ ಹೋಗಿ ಒಂದು ಬಕೆಟ್ ತಂದರು. ಫ್ರೀಜರಿನಲ್ಲಿದ್ದ ಐಸಿನ ತುಂಡುಗಳನ್ನೆಲ್ಲ ಸುರಿದರು. ಅಷ್ಟು ಸಾಲದಾದಾಗ, ರಜೆಗೆ ಬರುವ ಮೊಮ್ಮಕ್ಕಳಿಗೆಂದು ಮುರುಗಲು ಹಣ್ಣಿನ ರಸದಲ್ಲಿ ಮಾಡಿಟ್ಟಿದ್ದ ಕೆಂಪು ಐಸ್ ಕ್ಯಾಂಡಿಗಳನ್ನೂ ತಂದು ಡಬ್ಬಿಯ ಸುತ್ತ ಒತ್ತಿದರು. ಮೇಲೆ ಗೋಣಿಚೀಲ ಮುಚ್ಚಿ, ಬಕೆಟ್ಟನ್ನು ಜಗಲಿಯ ನೆರಳಿಗೆ ಎಳೆದರು.

"ಮಕ್ಕಳಿಗೆ ಅಂತ ಇಟ್ಟಿದ್ದು..." ಎಂದಳು ಆಶಾ.

"ಮುರುಗಲು ಇನ್ನೂ ಇದೆ. ನೀನು ಮನೆಗೆ ಹೋಗಿ ಬುಟ್ಟಿಗಿಟ್ಟಿ ಹೊಂದಿಸ್ಕೋ. ಇದನ್ನ ನಾನು ನೋಡ್ಕೊಳ್ತೀನಿ."

ಮಧ್ಯಾಹ್ನವಿಡೀ ಅವರು ಅಲ್ಲೇ ಕೂತಿದ್ದರು. ಫ್ರೀಜರಿನಲ್ಲಿ ಹೊಸ ಐಸು ಕಟ್ಟಿದಂತೆಲ್ಲ ತಂದು ಹಾಕಿ ಕೆಂಪು ನೀರು ಬಸಿಯುವುದು ಆಶಾಳಿಗೆ ಬೇಲಿಯ ಈಚೆಯಿಂದ ಕಾಣುತ್ತಿತ್ತು.

ಬಿಸಿಲು ಇಳಿದು ಕೋಳಿಗಳು ಗೂಡು ಸೇರಿದವು. ಸೌಜನ್ಯಾ ಮರಳಿ ಬಂದು, ಆಶಾ ಆಚೆಯಿಂದ ತಂದ ಶೀಶೆ ಮುಟ್ಟಿ ನೋಡಿ, "ಸಖತ್ ತಣ್ಣಗೈತೆ," ಎಂದಳು. ಈಗ ಇನ್ನೊಂದು ತೊಡಕು. ಔಷಧಿ ಕಲಸಿದ ಮೇಲೆ ಬೇಗ ಮುಗಿಸಬೇಕು. ಒಬ್ಬರು ಹಿಡಿದು ತರಲು, ಒಬ್ಬರು ರೆಕ್ಕೆ ಎತ್ತಿ ಹಿಡಿಯಲು, ಒಬ್ಬರು ಚುಚ್ಚಲು ಜನ ಬೇಕು. ಸುನಿಲ ಹೊಸನಗರಕ್ಕೆ ಲೋಡು ಹಾಕಿಕೊಂಡು ಹೋಗಿದ್ದವನು ಫೋನಿಗೆ ಸಿಗಲಿಲ್ಲ.

"ಇಬ್ರೇ ಮಾಡಿದ್ರೆ ಅರ್ಧ ಔಷಧಿ ಹಾಳು," ಎಂದಳು ಸೌಜನ್ಯಾ.

ಬೇಲಿಯ ದಣಪೆಯ ಅಡ್ಡಗಳ ಸರಿದ ಸದ್ದಾಯಿತು. ಪಂಚೆ ಮೇಲೆ ಕಟ್ಟಿಕೊಂಡು ಅಭಯಕುಮಾರರು ಅಂಗಳಕ್ಕೆ ಬಂದಿದ್ದರು. ಎಪ್ಪತ್ತು ದಾಟಿದ ಆ ಮನುಷ್ಯ ಈ ಅಂಗಳದಲ್ಲಿ ನಿಂತದ್ದನ್ನು ಆಶಾ ಕಂಡವಳೇ ಅಲ್ಲ.

"ಹಿಡಿಯೋದು ಹೆಂಗೆ, ತೋರ್ಸು. ಕೊಕ್ಕಲ್ಲಿ ಕುಟ್ತದಾ?"

"ಕುಟ್ಟಲ್ಲ ಅಯ್ಯ. ಎರಡೂ ಕೈಲಿ ಎದೆ ಹತ್ರ ಹಿಡ್ಕಳಿ. ಬಿಗೀಬೇಡಿ."

ಮೊದಲನೆಯ ಹೇಟೆ ಕೈಗೆ ಬಂದಾಗ ಅವರು ಉಸಿರು ಬಿಗಿಹಿಡಿದು ನಿಂತರು. "ಇದರ ಎದೆ ಎಷ್ಟು ಜೋರು ಬಡ್ಕೊಳ್ತದೆ!" ಎಂದು ಮಗುವಿನಂತೆ ಅಚ್ಚರಿಪಟ್ಟರು. ಆಮೇಲೆ ಕೈ ಪಳಗಿತು. ಆಶಾ ಗೂಡಿನಿಂದ ಒಂದೊಂದೇ ತೆಗೆದುಕೊಟ್ಟಳು, ಅವರು ಹಿಡಿದರು, ಸೌಜನ್ಯಾ ರೆಕ್ಕೆಯ ಕೆಳಗೆ ಚುಚ್ಚಿದಳು. ಪ್ರತಿ ಸಲವೂ ಸೂಜಿ ಇಳಿಯುವಾಗ ಅವರು ಮುಖ ಆಚೆ ತಿರುಗಿಸುತ್ತಿದ್ದರು. ಮುದಿ ಹುಂಜವೊಂದು ಅವರ ಅಂಗಿಯ ಮೇಲೆ ಹಿಕ್ಕೆ ಹಾಕಿತು. ಸೌಜನ್ಯಾ ನಕ್ಕಳು, ಅವರೂ ನಕ್ಕರು.

ಎಲ್ಲ ಮುಗಿದು ಕೈ ತೊಳೆಯಲು ಆಶಾ ನೀರು ಹಾಕುವಾಗ ಅವರು ಮೆಲ್ಲನೆ ಕೇಳಿದರು: "ಇವನ್ನೆಲ್ಲ ಆಮೇಲೆ ಕೊಡೋದೇ ಅಲ್ವಾ?"

ಸುಳ್ಳು ಹೇಳಲು ಆಶಾಳಿಗೆ ಮನಸ್ಸಾಗಲಿಲ್ಲ. "ಕೊಡೋದೇ ಅಯ್ಯ. ನಮ್ಮ ಬದುಕು ಅದರಲ್ಲೇ ಐತೆ."

ಅವರು ತಲೆಯಾಡಿಸಿದರು. "ನಿಂದು ನಿಂಗೆ. ರೋಗ ಬಂದು ಕತ್ತು ತಿರುಚ್ಕೊಂಡು ಸಾಯೋದು ತಪ್ತಲ್ಲ, ಅಷ್ಟೇ ನಾನು ನೋಡಿದ್ದು," ಎಂದು ಪಂಚೆಗೆ ಕೈ ಒರೆಸಿಕೊಂಡು ಹೋದರು.

ರೋಗ ಬ್ಯಾಕೋಡಿಗೂ ಬಂತು. ರಸ್ತೆಯ ಮೇಲಿನ ತಿರುವಿನ ಮನೆಗಳಲ್ಲಿ ಗೂಡುಗಳು ಬರಿದಾದವು. ಆಶಾಳ ಕೋಳಿಗಳಲ್ಲಿ ಕೆಲವು ಮರಿ ಸತ್ತವು, ತೂಕಡಿಸಿ ಮಲಗಿದ ಒಂದು ಹೇಟೆ ಮತ್ತೆ ಏಳಲಿಲ್ಲ. ಉಳಿದವು ರೋಗಕ್ಕೆ ಜಗ್ಗಲಿಲ್ಲ. ಮಳೆ ಹಿಡಿದು ಹಿನ್ನೀರು ಮೇಲೇರುವ ಹೊತ್ತಿಗೆ ಅಂಗಳದಲ್ಲಿ ಮತ್ತೆ ಹೊಸ ಮರಿಗಳ ಚಿಲಿಪಿಲಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗೆಲ್ಲ ಆಶಾಳಿಗೆ ಆಚೆ ಮನೆಯ ಜಗಲಿ ಕಣ್ಣಿಗೆ ಬೀಳುತ್ತಿತ್ತು. ಈ ಋಣವನ್ನು ತೀರಿಸುವುದಾದರೂ ಹೇಗೆ? ಬೇರೆ ಯಾರ ಮನೆಯಾಗಿದ್ದರೂ ಒಳ್ಳೆಯ ಹುಂಜವೊಂದನ್ನು ಕೊಟ್ಟು ಬರಬಹುದಿತ್ತು.

ಭಾದ್ರಪದ ಬಂತು. ಅಭಯಕುಮಾರರ ಮನೆಯಲ್ಲಿ ದಶಲಕ್ಷಣ ಪರ್ವದ ಹತ್ತು ದಿನಗಳ ವ್ರತ ಶುರುವಾಯಿತು. ಆ ದಿನಗಳಲ್ಲೇ ಗೋಪಾಲಪ್ಪ ಎಂಬ ಹಳೆಯ ಗಿರಾಕಿ ಬೈಕು ನಿಲ್ಲಿಸಿ, "ಎರಡು ಹುಂಜ ಹಿಡಿ ಆಶಾ, ಮನೇಲಿ ನೆಂಟರು," ಎಂದ.

"ಈಗಿಲ್ಲ ಗೋಪಾಲಣ್ಣ. ಪರ್ವ ಮುಗಿದ ಮೇಲೆ ಬಾ."

"ಯಾರ ಪರ್ವ? ನಿಮ್ಮದಾ?"

"ನಮ್ಮದಲ್ಲ, ಅವರದ್ದು. ಅಲ್ಲೀ ತನಕ ಈ ಅಂಗಳದಿಂದ ಕೋಳಿ ಹೊರಗೆ ಹೋಗಲ್ಲ."

ಗೋಪಾಲಪ್ಪ ಗೊಣಗುತ್ತ ಬೈಕು ತಿರುಗಿಸಿದ. ಅವನು ಆ ಸಿಟ್ಟನ್ನು ಬ್ಯಾಕೋಡಿನ ಅಂಗಡಿಯಲ್ಲಿ ಆಡಿಕೊಂಡಿರಬೇಕು. ಮರುದಿನ ಜ್ವಾಲಾಮಾಲಿನಿ ಬಿಳಿ ಸೀರೆಯಲ್ಲಿ, ಉಪವಾಸದ ಬಾಡಿದ ಮುಖದಲ್ಲಿ ದಣಪೆ ಸರಿಸಿ ಬಂದರು.

"ನಾವು ಕೇಳಿದ್ವಾ ನಿನ್ನ?"

"ಇಲ್ಲಮ್ಮ."

"ಗಿರಾಕಿನ ಯಾಕೆ ವಾಪಸ್ ಕಳಿಸಿದೆ?"

ಆಶಾ ಸೆರಗಿನಿಂದ ಜಗಲಿಯ ಧೂಳು ಒರೆಸಿ, "ಕೂರಿ ಅಮ್ಮ," ಎಂದಳು. "ಒಂದು ಲೋಟ ನೀರಾದ್ರೂ ಕೊಡ್ಲಾ?"

"ಇವತ್ತು ನೀರೂ ಕುಡಿಯೋ ಹಾಗಿಲ್ಲ. ಆದ್ರೆ ಕೂರ್ತೀನಿ."

ಅವರು ಕೂತರು. ಆಶಾ ಅವರ ಕಾಲ ಬಳಿಯ ಮೆಟ್ಟಿಲ ಮೇಲೆ ಕೂತಳು. ಮರಿಗಳನ್ನು ಕರೆದುಕೊಂಡು ಒಂದು ಹೇಟೆ ಅವರ ಮುಂದೆಯೇ ಹಾದುಹೋಯಿತು. ಜ್ವಾಲಾಮಾಲಿನಿ ಸೀರೆಯ ಅಂಚನ್ನು ಎತ್ತಿ ದಾರಿ ಬಿಟ್ಟುಕೊಟ್ಟು, ಆಶಾಳ ಮಗಳ ಪರೀಕ್ಷೆ ಯಾವಾಗ ಎಂದು ಕೇಳಿದರು. ಮಾತಿಗೆ ಮಾತು ಬೆಳೆದು, ಆಚೆಯಿಂದ ಅಭಯಕುಮಾರರು ಹೆಸರು ಹಿಡಿದು ಕರೆಯುವವರೆಗೂ ಅವರು ಏಳಲಿಲ್ಲ.