ಕುಬಸದ ಒಡಪು

"ಹೆಸರು ಹೇಳದ ಹೊರತು ನಾ ಉಡಿ ತುಂಬಾಂಗಿಲ್ಲ, ನೋಡವಾ," ಎಂದು ದಾನವ್ವ ಅಕ್ಕಿ, ಕೊಬ್ಬರಿಬಟ್ಟಲಿದ್ದ ತಟ್ಟೆಯನ್ನು ಹಿಡಿದು ಮಗಳೆದುರು ನಿಂತೇಬಿಟ್ಟಳು. ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದ ಏಳು ತಿಂಗಳ ಬಸುರಿ ಶಿವಾನಿ ಕಣ್ಣಲ್ಲೇ ಬೇಡಿಕೊಂಡಳು. ಊಹೂಂ, ದಾನವ್ವ ಜಗ್ಗಲಿಲ್ಲ.

ಬಾಗಲಕೋಟೆ ಕಡೆಯವರಲ್ಲಿ ಇದು ಇದ್ದದ್ದೇ. ಕುಬಸದ ದಿನ, ಅಂದರೆ ಸೀಮಂತದಂದು, ಬಸುರಿಯಾದವಳು ಗಂಡನ ಹೆಸರನ್ನು ಪ್ರಾಸದ ಸಾಲುಗಳಲ್ಲಿ ಕೂಡಿಸಿ, ಒಡಪು ಹಾಕಿ, ಎಲ್ಲರೆದುರು ಹೇಳಬೇಕು. ಉಡಿ ತುಂಬುವುದೇನಿದ್ದರೂ ಆಮೇಲೆ. ಆದರೆ ಈ ಕುಬಸ ನಡೆಯುತ್ತಿದ್ದದ್ದು ಹುಣಸಮಾರನಹಳ್ಳಿಯಲ್ಲಿ, ಶಿವಾನಿಯ ಗಂಡ ಸಿದ್ದುವಿನ ಮನೆಯಲ್ಲಿ. ಊರು ಬಿಟ್ಟು ದುಡಿಯಲು ಬಂದು ನೆಲೆಸಿದ್ದ ನಾಗಸಂದ್ರದಿಂದ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿ ಹೊತ್ತು ಬಂದ ದಾನವ್ವನ ಕಡೆಯವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸಿದ್ದುವಿನ ಕಡೆಯ ಹೆಂಗಸರು.

"ಸಿದ್ದು. ಹೇಳ್ದೆ ಮಮ್ಮಿ, ಆಯ್ತಲ್ಲ?" ಎಂದಳು ಶಿವಾನಿ.

"ಹಾದಿಮ್ಯಾಲ ಹೊಂಟೋರನ್ನ ಕರದಂಗ ಕರದರ ಆತೇನು? ಒಡಪು ಹಾಕಿ ಹೇಳು."

ಸಿದ್ದುವಿನ ಅಕ್ಕ ಸುಮಾ ಕಿಸಕ್ಕನೆ ನಕ್ಕು ಫೋನ್ ಎತ್ತಿ ಹಿಡಿದಳು. "ಅಯ್ಯೋ ಆಂಟಿ, ಇನ್ನೊಂದ್ಸಲ ಹೇಳಿ, ವಿಡಿಯೋ ಮಾಡ್ಕೋತೀನಿ. ಥೇಟ್ ಕಾಮಿಡಿ ಶೋನಲ್ಲಿ ಮಾತಾಡ್ದಂಗೇ ಮಾತಾಡ್ತೀರ ಕಣ್ರೀ!"

ಹೆಂಗಸರೆಲ್ಲ ಗೊಳ್ಳೆಂದರು. ಶಿವಾನಿಯೂ ನಕ್ಕಳು. ಸುಮಾ ನಕ್ಕದ್ದನ್ನು ದಾನವ್ವ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳೂ ಸೇರಿಕೊಂಡು ನಕ್ಕಳಲ್ಲ, ಅದು ಕರುಳಿಗೆ ನಾಟಿತು.

"ನಗವಾ, ನಗು. ಸಾಲ್ಯಾಗ ನಿನ್ನ ಮಾತಿಗೆ ಹುಡುಗರು ನಕ್ಕರಂತ ಅಳಕೋತ ಮನಿಗೆ ಬಂದಿದ್ದಿ. ಅವತ್ತಿಂದ ಇಲ್ಲಿಯವರ ಮಾತು ಹಿಡದಿ. ಹುಡುಗಿ ಓದಿ ಮುಂದ ಬರಲಿ ಅಂತ ನಾನೂ ಸುಮ್ಮನಾದ್ನಿ. ಆದರ ಈ ಕೂಸು? ನಿನ್ನ ಬಾಯಾಗ ನನ್ನ ಮಾತು ಕೇಳದ ಬೆಳದರ ಅದಕ್ಕ ನಾ ಯಾರು? ಅದೂ ನನ್ನ ನೋಡಿ ಹಿಂಗ ನಗಬೇಕೇನು? ಅದೊಂದು ಮಾತ್ರ ನಾ ತಡಕೊಳ್ಳಾಂಗಿಲ್ಲ."

ನಗು ನಿಂತಿತು. ಸುಮಾ ಮಾತ್ರ ಫೋನ್ ಇಳಿಸಲಿಲ್ಲ. ಅವಳ ತಾಯಿ ನಾರಾಯಣಮ್ಮ ಮೂಲೆಯಿಂದೆದ್ದು ಬಂದವಳೇ ಅದನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸಾಕು, ಬಾಯ್ಮುಚ್ಚೆ! ನಿನ್ನ ಆಪೀಸ್ನೋರು ಮನೆಗ್ ಬಂದಾಗ, 'ಅಮ್ಮ, ನೀನು ಇಂಗೆ ಅಂಗೆ ಅಂದ್ರೆ ಎಲ್ರೂ ನಗ್ತಾರೆ' ಅಂತ ನನ್ನನ್ನ ಅಡುಗೆಮನೇಲಿ ಕೂರಿಸ್ದೋಳು ನೀನು. ಎಷ್ಟು ಸಂಕಟ ಆಯ್ತು ಅಂತ ನಂಗೊತ್ತು." ಸೊಸೆಯತ್ತ ತಿರುಗಿದಳು. "ನೀನು ಯೋಳಮ್ಮ. ನಿಮ್ಮವ್ವ ಎಂಗೆ ಯೋಳು ಅಂದ್ರೋ ಅಂಗೇ ಯೋಳು."

ಶಿವಾನಿಗೆ ತಾನು ನಕ್ಕದ್ದು ನೆನೆದು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಾನವ್ವ ಹೇಳಿಕೊಡಲು ಹೋಗಲಿಲ್ಲ. ಶಿವಾನಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಜ್ವಾಳದ ರೊಟ್ಟಿಗಿ ಎಣ್ಣಿಗಾಯಿ ಚೆಂದ,
ರಾಗಿ ಮುದ್ದಿಗಿ ಬಸ್ಸಾರ ಚೆಂದ,
ಎರಡೂ ಉಂಡು ಬೆಳೀಲಿ ಹೊಟ್ಟ್ಯಾಗಿನ ಕಂದ,
ಸಿದ್ದುರಾಯರ ಹೆಸರ ಹೇಳತೀನಿ ಎಲ್ಲಾರ ಮುಂದ!"

"ಭಲೇ ನನ್ನವ್ವ!" ಎಂದು ನಾಗಸಂದ್ರದ ಹೆಂಗಸರು ಕೂಗಿದರು. ಯಾರೂ ಕಲಿಸಿದ್ದಲ್ಲ ಅದು, ಕೂತಲ್ಲೇ ಕಟ್ಟಿದ್ದು. ದಾನವ್ವ ಅಳುತ್ತಲೇ ಉಡಿ ತುಂಬಿದಳು.

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನಾರಾಯಣಮ್ಮ ಪಕ್ಕಕ್ಕೊಂದು ಕುರ್ಚಿ ಎಳೆದು ಕೂತು ಸೆರಗು ಹರಡಿದ್ದಳು.

"ನಂಗೂ ತುಂಬಿ ಬೀಗಿತ್ತಮ್ಮ. ಮದುವೆ ಆದಾಗಿಂದ ಅವರೆಸ್ರು ಬಾಯಿಗೆ ತಂದೋಳಲ್ಲ ನಾನು. ಇವತ್ತು ಯೋಳ್ಬಿಡ್ತೀನಿ, ನಮ್ಮ ಮಾತ್ನಾಗೇ."

"ಹೇಳ್ರಿ ಬೀಗತಿ," ಎಂದಳು ದಾನವ್ವ.

ಹೊರಗೆ ಜಗಲಿಯಲ್ಲಿ ಎಲೆಅಡಿಕೆ ಅಗಿಯುತ್ತ ಕೂತಿದ್ದ ನಾರಾಯಣಮ್ಮನ ಗಂಡ ಪಿಳ್ಳಣ್ಣ ಅಗಿಯುವುದನ್ನು ನಿಲ್ಲಿಸಿ, ಬಾಗಿಲ ಕಡೆ ಕಿವಿಗೊಟ್ಟ.